ಮೊದಲು ಪಾದ ನೋಡಿ: ವೈಜಯಂತಿಮಾಲಾ ಬಗ್ಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ.

ಶುರುವಿನಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ಎಷ್ಟು ಜನ ನಾಗಿನ್ ಡ್ಯಾನ್ಸ್ ಮಾಡಿದ್ದೀರಿ? ನಾಚಿಕೆ ಬೇಡ, ಕೈ ಎತ್ತಿ. ಮದುವೆ ದಿಬ್ಬಣದಲ್ಲೋ, ಗಣೇಶನ್ನ ಬಿಡೋಕೆ ಹೋಗುವಾಗಲೋ ಬ್ಯಾಂಡ್‌ಸೆಟ್‌ನವರು ಆ ಟ್ಯೂನ್ ಎತ್ತಿದರೆ ಸಾಕು. ಒಬ್ಬ ಕರ್ಚೀಫಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಪುಂಗಿ ಊದುತ್ತಾನೆ. ಇನ್ನೊಬ್ಬ ಎರಡೂ ಕೈ ಸೇರಿಸಿ ಹೆಡೆ ಎತ್ತುತ್ತಾನೆ. ಇನ್ನೂ ಉತ್ಸಾಹ ಜಾಸ್ತಿಯಾದವನು ರಸ್ತೆಯಲ್ಲೇ ಹೊರಳಾಡುತ್ತಾನೆ.

ಆ ಟ್ಯೂನ್ 1954ರ ಹಿಂದಿ ಚಿತ್ರ 'ನಾಗಿನ್'ನದು. ಅದರಲ್ಲಿ ಕೇಳುವುದು ಪುಂಗಿಯೇ ಅಲ್ಲ ಅನ್ನುವುದು ತಮಾಷೆ. ಹೇಮಂತ್ ಕುಮಾರ್ ಸಂಗೀತಕ್ಕೆ ಕಲ್ಯಾಣ್‌ಜಿ ಕ್ಲಾವಿಯೊಲಿನ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯ ನುಡಿಸಿದರು, ಜೊತೆಗೆ ರವಿ ಹಾರ್ಮೋನಿಯಂ ಹಿಡಿದರು. ಇನ್ನೂ ತಮಾಷೆ ಕೇಳಿ. ಚಿತ್ರದ ನಾಯಕಿ ಹಾವೂ ಅಲ್ಲ! ನಾಗಿ ಅನ್ನುವ ಬುಡಕಟ್ಟಿನ ಯಜಮಾನನ ಮಗಳು ಅವಳು. ಪುಂಗಿಯೂ ಇಲ್ಲ, ಹಾವೂ ಇಲ್ಲ. ಆದರೂ ಎಪ್ಪತ್ತು ವರ್ಷದಿಂದ ನಾವು ಹೆಡೆ ಎತ್ತುತ್ತಲೇ ಇದ್ದೇವೆ. ಅದಕ್ಕೆ ಆ ಟ್ಯೂನಿಗೆ ಮೊದಲು ಹೆಜ್ಜೆ ಹಾಕಿದ ಹುಡುಗಿಯೂ ಒಂದು ಕಾರಣ. ಇವತ್ತಿನ ಮಾತು ಅವರ ಬಗ್ಗೆಯೇ.

ವೈಜಯಂತಿಮಾಲಾ ಹುಟ್ಟಿದ್ದು 1933ರಲ್ಲಿ, ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ, ಪಾರ್ಥಸಾರಥಿ ದೇವಸ್ಥಾನದ ಹತ್ತಿರ. ಮದರಾಸಿನ ಹುಡುಗಿ, ಮನೆಮಾತು ತಮಿಳು, ನಮಗೇನು ಸಂಬಂಧ ಅನ್ನಬೇಡಿ. ಅಪ್ಪನ ಹೆಸರು ಮಂಡ್ಯಂ ಧಾತಿ ರಾಮನ್. ಸಾಕಿ ಬೆಳೆಸಿದ ಅಜ್ಜಿಯ ಹೆಸರು ಯದುಗಿರಿ ದೇವಿ. ಯದುಗಿರಿ ಅಂದರೆ ನಮ್ಮ ಮೇಲುಕೋಟೆ, ಅಲ್ವಾ? ಅಲ್ಲಿಯ ಅಮ್ಮನವರ ಹೆಸರೇ ಯದುಗಿರಿ ನಾಚ್ಚಿಯಾರ್. ಮಂಡ್ಯ, ಮೇಲುಕೋಟೆ, ಮೈಸೂರಿನ ಅಯ್ಯಂಗಾರರ ಮನೆಗಳನ್ನು ಬಲ್ಲವರಿಗೆ ಗೊತ್ತು: ಅಡುಗೆಮನೆಯಲ್ಲಿ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಹೆಸರುಗಳಲ್ಲೇ ಊರನ್ನು ಕಟ್ಟಿಕೊಂಡು ಹೋಗಿರುತ್ತಾರೆ.

ಅಮ್ಮ ವಸುಂಧರಾ ದೇವಿ ಸ್ವತಃ ಹಾಡುಗಾರ್ತಿ, ನರ್ತಕಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಯುರೋಪಿಗೆ ಕರೆದುಕೊಂಡು ಹೋದ ಕಲಾವಿದರ ತಂಡದಲ್ಲಿ ಅವರೂ ಇದ್ದರು. ಜೊತೆಗೆ ಪುಟ್ಟ ಮಗಳು. ಆ ಮಗು ವ್ಯಾಟಿಕನ್‌ನಲ್ಲಿ ಹನ್ನೆರಡನೇ ಪಯಸ್ ಪೋಪರ ಮುಂದೆ ಕುಣಿಯಿತು. ಮುಂದೆ 1943ರಲ್ಲಿ ಅಮ್ಮ ಜೆಮಿನಿ ಸ್ಟುಡಿಯೊದವರ 'ಮಂಗಮ್ಮ ಶಪಥಂ' ಚಿತ್ರದಲ್ಲಿ ನಾಯಕಿಯಾಗಿ ಹೆಸರು ಮಾಡಿದರು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅಯ್ಯಂಗಾರರ ಮನೆ ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದು ಆಗ ಸಣ್ಣ ವಿಷಯವಾಗಿರಲಿಲ್ಲ. ಈ ನೃತ್ಯವನ್ನು ತಲೆಮಾರುಗಳಿಂದ ಕಾಪಾಡಿದವರು ದೇವದಾಸಿಯರು. ಮೈಸೂರು ಸಂಸ್ಥಾನ 1909ರಲ್ಲೇ ದೇವಸ್ಥಾನಗಳಲ್ಲಿ ಅವರ ಸೇವೆ ನಿಲ್ಲಿಸಿತು. ಮದರಾಸಿನಲ್ಲಿ 1947ರಲ್ಲಿ ಕಾನೂನು ಬಂತು. ಇದರ ನಡುವೆಯೇ ಸದಿರ್ ಅನ್ನುವ ಹಳೆ ಹೆಸರು ಹೋಗಿ ಭರತನಾಟ್ಯ ಅನ್ನುವ ಹೆಸರು ನಿಂತಿತು. ರುಕ್ಮಿಣಿ ದೇವಿಯಂಥ ಬ್ರಾಹ್ಮಣ ಮನೆಯ ಹೆಣ್ಣುಮಕ್ಕಳು ವೇದಿಕೆ ಹತ್ತಿದರು. ಕಲಿಸುವ ಗುರುಗಳು ಮಾತ್ರ ಅದೇ ಹಳೆ ಮನೆತನಗಳವರು. ಗುರುಗಳಿಗೆ ಹೊಸ ಶಿಷ್ಯೆಯರು ಸಿಕ್ಕರು, ಅದೇ ಮನೆತನಗಳ ಹೆಣ್ಣುಮಕ್ಕಳಿಗೆ ವೇದಿಕೆ ಕೈತಪ್ಪಿತು. ವೈಜಯಂತಿಮಾಲಾ ಅವರನ್ನು ಮೆಚ್ಚುವಾಗ ಇದನ್ನು ಮರೆತರೆ ನನಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಹೇಳಿದೆ.

ಅವರ ಮೊದಲ ದೊಡ್ಡ ಗುರು ವಳುವೂರು ರಾಮಯ್ಯ ಪಿಳ್ಳೈ. ಸಂಗೀತ ಮಣಕ್ಕಾಲ್ ಶಿವರಾಜ ಅಯ್ಯರ್ ಅವರ ಬಳಿ. ಮದರಾಸಿನ ಗೋಖಲೆ ಹಾಲ್‌ನಲ್ಲಿ ಈ ಹುಡುಗಿಯ ಕಾರ್ಯಕ್ರಮ ನಡೆದಾಗ ನಿರ್ದೇಶಕ ಎಂ.ವಿ. ರಾಮನ್ ನೋಡುತ್ತಿದ್ದರು. ಎವಿಎಂ ಸ್ಟುಡಿಯೊದ 'ವಾಳ್‌ಕೈ' ಅನ್ನುವ ತಮಿಳು ಚಿತ್ರಕ್ಕೆ ಹೊಸ ಮುಖ ಬೇಕಿತ್ತು. ಓದು ಕೆಡುತ್ತೆ, ನೃತ್ಯ ಕೆಡುತ್ತೆ ಅಂತ ಅಜ್ಜಿ ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದರು. 1949ರಲ್ಲಿ ಚಿತ್ರ ಬಂತು, ಓಡಿತು. ಮಾರನೇ ವರ್ಷ ತೆಲುಗಿನಲ್ಲಿ 'ಜೀವಿತಂ', 1951ರಲ್ಲಿ ಹಿಂದಿಯಲ್ಲಿ 'ಬಹಾರ್'. ಒಂದೇ ಕಥೆ, ಮೂರು ಭಾಷೆ, ಒಬ್ಬಳೇ ನಾಯಕಿ. ಹಿಂದಿ ಪ್ರಚಾರ ಸಭೆಯಲ್ಲಿ ಹಿಂದಿ ಕಲಿತು ತಮ್ಮ ದನಿಯಲ್ಲೇ ಮಾತಾಡಿದರು.

ನನಗೆ ನೃತ್ಯ ಬರುವುದಿಲ್ಲ. ತಂಗಿ ಕಲಿಯುತ್ತಿದ್ದಳು. ಅವಳನ್ನು ಕರೆದುಕೊಂಡು ಬರುವ ಕೆಲಸ ನನ್ನದು. ಕ್ಲಾಸಿನ ಹೊರಗೆ ಮೆಟ್ಟಿಲ ಮೇಲೆ ಸುಮ್ನೆ ಕೂತಿರುತ್ತಿದ್ದೆ. ಒಳಗೆ ಮೇಷ್ಟ್ರು ಮರದ ಮಣೆಗೆ ಕೋಲಿನಿಂದ ತಟ್ಟುವ ಸದ್ದು. ತೈಯಾ ತೈ, ತೈಯಾ ತೈ. ಅರಮಂಡಿಯಲ್ಲಿ ನಿಂತ ಹುಡುಗಿಯರು ಮೆಲ್ಲಗೆ ಮಂಡಿ ನೆಟ್ಟಗೆ ಮಾಡಿಕೊಂಡರೆ ಮೇಷ್ಟ್ರ ಕೋಲು ಥಟ್ಟನೆ ನಿಲ್ಲುತ್ತಿತ್ತು. 'ಕೂತ್ಕೊಳ್ಳಮ್ಮ' ಅನ್ನುತ್ತಿದ್ದರು. ಅಂದರೆ ನೆಲದ ಮೇಲಲ್ಲ, ಮಂಡಿ ಮಡಿಸಿ ಅರ್ಧ ಕೂರಬೇಕು. ಒಂದು ಸಲ ಮನೆಯಲ್ಲಿ ನಾನೂ ಹಾಗೆ ನಿಂತು ನೋಡಿದೆ. ಒಂದು ನಿಮಿಷಕ್ಕೆ ತೊಡೆ ನಡುಗಿತು. ಅಂಥ ಭಂಗಿಯಲ್ಲಿ ವರ್ಷಗಟ್ಟಲೆ ಪಳಗಿದ ದೇಹ ಸಿನಿಮಾಕ್ಕೆ ಹೋದರೆ ಏನಾಗುತ್ತದೆ?

ವೇದಿಕೆಯಲ್ಲಿ ಹಾಡು ನರ್ತಕಿಯ ಹಿಂದೆ ಬರುತ್ತದೆ. ನಟುವಾಂಗ ಮಾಡುವವರ, ಅಂದರೆ ತಾಳ ಹಾಕಿ ನೃತ್ಯ ನಡೆಸುವವರ ಕಣ್ಣು ಅವಳ ಮೇಲೇ ಇರುತ್ತದೆ. ಭಾವ ಇನ್ನೂ ಮುಗಿದಿಲ್ಲ ಅಂದರೆ ಹಾಡುವವರು ಅದೇ ಸಾಲನ್ನು ಇನ್ನೊಮ್ಮೆ ಹಾಡುತ್ತಾರೆ. ಶೂಟಿಂಗ್‌ನಲ್ಲಿ ಎಲ್ಲ ಉಲ್ಟಾ. ಹಾಡು ಮೊದಲೇ ರೆಕಾರ್ಡ್ ಆಗಿರುತ್ತದೆ. ಸ್ಪೀಕರ್ ಯಾರಿಗೂ ಕಾಯುವುದಿಲ್ಲ. ಅರ್ಧ ಸಾಲು ಕುಣಿಯುವಷ್ಟರಲ್ಲಿ ಕಟ್. ಲೈಟು ಬದಲಾಗಬೇಕು, ಮತ್ತೆ ಅದೇ ಹೆಜ್ಜೆ, ಅದೇ ನಗು. ಅದರ ಮೇಲೆ ಕ್ಯಾಮೆರಾಗೆ ಮುಖದ ಆಸೆ. ಪಾದ ಫ್ರೇಮಿನಲ್ಲೇ ಇರುವುದಿಲ್ಲ. ಇಷ್ಟಾದರೂ ವೈಜಯಂತಿಮಾಲಾ ಹಾಡುಗಳಲ್ಲಿ ತಾಳ ತುಂಡಾದ ಹಾಗೆ ಅನ್ನಿಸುವುದಿಲ್ಲ. ಕುತ್ತಿಗೆ, ಭುಜ, ಕಣ್ಣು ನೋಡಿದರೆ ಸಾಕು, ಕಾಣದ ಕಾಲು ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ.

1955ರಲ್ಲಿ ಬಿಮಲ್ ರಾಯ್ ಅವರ 'ದೇವದಾಸ್'. ಇವರು ನರ್ತಕಿ ಚಂದ್ರಮುಖಿ, ಸುಚಿತ್ರಾ ಸೇನ್ ದೇವದಾಸನ ಬಾಲ್ಯದ ಗೆಳತಿ ಪಾರೊ. ಫಿಲ್ಮ್‌ಫೇರ್‌ನವರು ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಕೊಟ್ಟರು. ಇವರು ಬೇಡ ಅಂದರು. ನನ್ನದು ಪಾರೊಗೆ ಸಮನಾದ ಪಾತ್ರ, ಪೋಷಕ ಪಾತ್ರ ಹೇಗಾಗುತ್ತದೆ ಅನ್ನುವುದು ಅವರ ವಾದ. ಇಪ್ಪತ್ತು ದಾಟಿದ್ದೇ ಈಚೆಗೆ, ಬೊಂಬಾಯಿಯಲ್ಲಿ ಹೊರಗಿನವರು. ಆ ವಯಸ್ಸಿನಲ್ಲಿ ನಾನಾಗಿದ್ದರೆ ಕೈಮುಗಿದು ತಗೊಂಡು ಬರುತ್ತಿದ್ದೆ. ಮುಂದೆ 'ಸಾಧನಾ', 'ಗಂಗಾ ಜಮುನಾ', 'ಸಂಗಮ್' ಮೂರಕ್ಕೂ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಇವುಗಳಲ್ಲಿ ನನಗೆ ಇಷ್ಟ 'ಗಂಗಾ ಜಮುನಾ'ದ ಧನ್ನೋ. ಶಾಲೆಯ ಹಿಂದಿಯಲ್ಲ, ಪೂರ್ವ ಉತ್ತರಪ್ರದೇಶದ ಹಳ್ಳಿ ಮಾತು. ಮದರಾಸಿನಿಂದ ಹೋದವರ ಬಾಯಲ್ಲಿ ಅದು ಎಷ್ಟು ಸಲೀಸು! ಮಾತಿಗೂ ಒಂದು ತಾಳ ಇರುತ್ತದೆ, ಅವರು ಅದನ್ನು ಹಿಡಿದುಬಿಟ್ಟಿದ್ದರು ಅಂತ ನನ್ನ ಊಹೆ.

ಗೆಲುವಷ್ಟೇ ಅಂದುಕೊಳ್ಳಬೇಡಿ. 1966ರ 'ಆಮ್ರಪಾಲಿ' ಆಸ್ಕರ್‌ಗೆ ಭಾರತದಿಂದ ಹೋದ ಚಿತ್ರ. ನರ್ತಕಿಯ ಕಥೆ, ಮೈಮುರಿದು ದುಡಿದಿದ್ದರು. ಥಿಯೇಟರುಗಳಲ್ಲಿ ಓಡಲಿಲ್ಲ. ಅವರಿಗೆ ತುಂಬಾ ಬೇಸರವಾಯಿತು. 1968ರಲ್ಲಿ ಡಾಕ್ಟರ್ ಚಮನ್‌ಲಾಲ್ ಬಾಲಿ ಅವರನ್ನು ಮದುವೆಯಾದರು. ಅದೇ ವರ್ಷ ಪದ್ಮಶ್ರೀ. 1970ರ 'ಗಂವಾರ್' ಕೊನೆಯ ಚಿತ್ರ. ಆಮೇಲೆ ಎಷ್ಟು ಕರೆ ಬಂದರೂ ಬಣ್ಣ ಹಚ್ಚಲಿಲ್ಲ. 1984 ಮತ್ತು 1989ರಲ್ಲಿ ದಕ್ಷಿಣ ಮದ್ರಾಸ್‌ನಿಂದ ಲೋಕಸಭೆಗೆ ಗೆದ್ದರು, ನಂತರ ರಾಜ್ಯಸಭೆಗೂ ಹೋದರು. ರಾಜಕೀಯದ ಬಗ್ಗೆ ನನಗೆ ಹೇಳಲು ಇಷ್ಟೇ.

ಸಿನಿಮಾ ಸುಮಾರು ಇಪ್ಪತ್ತು ವರ್ಷ. ನೃತ್ಯ ಎಂಬತ್ತಕ್ಕೂ ಜಾಸ್ತಿ. ನಾವು ಆ ಮಧ್ಯದ ಇಪ್ಪತ್ತು ವರ್ಷವನ್ನೇ ಹಿಡಿದುಕೊಂಡು ಕೂತಿದ್ದೇವೆ. ಅವರೇನೋ ಸಿನಿಮಾ ಬಿಟ್ಟು ಇನ್ನೂ ಹಳೆಯದನ್ನು ಹುಡುಕಿಕೊಂಡು ಹೋದರು. ತಂಜಾವೂರು ಸಹೋದರರ ವಂಶದ ಕೆ.ಪಿ. ಕಿಟ್ಟಪ್ಪ ಪಿಳ್ಳೈ ಅವರ ಬಳಿ ಕೂತು, ಯಾರೂ ಮಾಡದೆ ಬಿಟ್ಟಿದ್ದ ಹಳೆ ರಚನೆಗಳನ್ನು ಕಲಿತು ವೇದಿಕೆಗೆ ತಂದರು. ಆ ನಾಲ್ವರು ಸಹೋದರರು ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು. ಇವತ್ತು ಭರತನಾಟ್ಯ ಕಛೇರಿಯಲ್ಲಿ ಅಲರಿಪು, ಜತಿಸ್ವರ, ವರ್ಣ, ತಿಲ್ಲಾನ ಅಂತ ಬರುವ ಕ್ರಮ ಹಾಕಿಕೊಟ್ಟವರು ಅವರೇ. ಅವರಲ್ಲಿ ಹಿರಿಯ ಚಿನ್ನಯ್ಯ ಎಲ್ಲಿಗೆ ಬಂದರು ಗೊತ್ತಾ? ನಮ್ಮ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. ಯದುಗಿರಿ ಅಜ್ಜಿಯ ಮೊಮ್ಮಗಳು ಕೊನೆಗೆ ಕಲಿತಿದ್ದು ಆ ಮನೆತನದ ಪಾಠವನ್ನೇ. 1982ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿದ್ದು ನೃತ್ಯಕ್ಕೆ.

2024ರಲ್ಲಿ ಪದ್ಮವಿಭೂಷಣ ಬಂತು. ಅದೇ ವರ್ಷ ಅಯೋಧ್ಯೆಯ ರಾಮಮಂದಿರದಲ್ಲಿ ರಾಗಸೇವೆಗೆ, ಅಂದರೆ ಕಲಾವಿದರು ದೇವರ ಮುಂದೆ ಸಂಗೀತ, ನೃತ್ಯ ಅರ್ಪಿಸುವ ಕಾರ್ಯಕ್ರಮಕ್ಕೆ ಹೋಗಿ ನರ್ತಿಸಿದರು. ವಯಸ್ಸು 90. ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಹೆಜ್ಜೆ ಕಡಿಮೆ, ಅಭಿನಯ ಜಾಸ್ತಿ. ಕೈ ಮಾತ್ರ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ಲುತ್ತದೆ.

ಮಾತು ಸಾಕು. ಈಗ ಒಂದು ತುಣುಕು ತೋರಿಸುತ್ತೇನೆ. 1958ರ ತಮಿಳು ಚಿತ್ರ 'ವಂಜಿಕೋಟ್ಟೈ ವಾಲಿಬನ್', ಎಸ್.ಎಸ್. ವಾಸನ್ ನಿರ್ದೇಶನ. ಒಂದು ಕಡೆ ವೈಜಯಂತಿಮಾಲಾ, ಇನ್ನೊಂದು ಕಡೆ ತಿರುವಾಂಕೂರಿನ ಪದ್ಮಿನಿ. ಇಬ್ಬರೂ ಪಳಗಿದ ನರ್ತಕಿಯರು, ಯಾರೂ ಸೋಲುವವರಲ್ಲ. ನಡುವೆ ಪಿ.ಎಸ್. ವೀರಪ್ಪ 'ಶಭಾಷ್, ಸರಿಯಾನ ಪೋಟ್ಟಿ' ಅಂತ ಗರ್ಜಿಸುತ್ತಾರೆ. ಶಭಾಷ್, ಸರಿಯಾದ ಪೈಪೋಟಿ ಅಂತ ಅರ್ಥ. ತಮಿಳರ ಮನೆಗಳಲ್ಲಿ ಇಬ್ಬರು ಜಗಳಕ್ಕೆ ನಿಂತರೆ ಇವತ್ತಿಗೂ ಯಾರಾದರೊಬ್ಬರು ಈ ಮಾತು ಹೇಳದೆ ಬಿಡುವುದಿಲ್ಲ. ಗೆದ್ದಿದ್ದು ಯಾರು ಅಂತ ಚಿತ್ರ ಹೇಳುವುದಿಲ್ಲ.

ಎರಡು ಸಲ ಹಾಕುತ್ತೇನೆ. ಎರಡನೇ ಸಲ ಮುಖ ನೋಡಿಕೊಳ್ಳಿ. ಮೊದಲ ಸಲ ಕ್ಯಾಮೆರಾ ಹಿಂದಕ್ಕೆ ಸರಿದಾಗೆಲ್ಲ ಪಾದ ನೋಡಿ. ಹಿಂದೆ ಕೂತವರು ಬೇಕಾದರೆ ಮುಂದೆ ಬನ್ನಿ, ಇಲ್ಲಿ ನಾಲ್ಕು ಕುರ್ಚಿ ಖಾಲಿ ಇದೆ. ಲೈಟ್ ಆಫ್ ಮಾಡ್ತೀರಾ?