ಮಣ್ಣಿನ ಘಟದಲ್ಲಿ ನಿಕ್ಷೇಪ: ಯೆರೆಮೀಯನ ಕುಂಬಾರ, ಪೌಲನ ಮಡಕೆ

[ದೃಶ್ಯ: ತಿರುಗುತ್ತಿರುವ ತಿಗರಿ, ಅದರ ಮೇಲೆ ಹಸಿ ಜೇಡಿಮಣ್ಣು]

ವೀಕ್ಷಕರಿಗೆ ನಮಸ್ಕಾರ. ದೇವರು ಕುಂಬಾರ, ನಾವು ಮಣ್ಣು ಎಂಬ ಹೋಲಿಕೆಯನ್ನು ಕ್ರೈಸ್ತ ಪ್ರಸಂಗಗಳಲ್ಲಿ ಕೇಳದವರು ವಿರಳ. ಆದರೆ ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಈ ಮಣ್ಣು ಎಲ್ಲೆಡೆ ಒಂದೇ ಸ್ಥಿತಿಯಲ್ಲಿಲ್ಲ. ಒಂದು ಕಡೆ ಅದು ಹಸಿಯಾಗಿದೆ, ಇನ್ನೊಂದು ಕಡೆ ಆವಿಗೆಯಲ್ಲಿ ಬೆಂದಿದೆ, ಮತ್ತೊಂದು ಕಡೆ ಅಗ್ಗದ ಪಾತ್ರೆಯಾಗಿ ಮನೆಯ ಮೂಲೆ ಸೇರಿದೆ.

ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದಲ್ಲಿ ಪ್ರವಾದಿಯು ಕುಂಬಾರನ ಮನೆಗೆ ಹೋಗುತ್ತಾನೆ. ಅಲ್ಲಿನ ತಿಗರಿಗೆ ಹೀಬ್ರೂವಿನಲ್ಲಿರುವ ಪದ ‘ಓಬ್ನಾಯಿಮ್’, ಅಂದರೆ ಜೋಡಿ ಕಲ್ಲು. ಮಾಡುತ್ತಿದ್ದ ಪಾತ್ರೆ ಕೈಯಲ್ಲೇ ಕೆಟ್ಟುಹೋದಾಗ ಕುಂಬಾರನು ಮಣ್ಣನ್ನು ಬಿಸಾಡದೆ, ತನಗೆ ಸರಿಕಂಡಂತೆ ಅದರಿಂದಲೇ ಬೇರೊಂದು ಪಾತ್ರೆಯನ್ನು ಮಾಡುತ್ತಾನೆ. ಇಲ್ಲಿ ಮಣ್ಣೆಂದರೆ ಒಬ್ಬ ವ್ಯಕ್ತಿಯಲ್ಲ, ಇಸ್ರಾಯೇಲ್ ಜನಾಂಗ ಎಂಬುದನ್ನು ಪ್ರಸಂಗಿಗಳು ಹಲವು ಬಾರಿ ಮರೆಯುತ್ತಾರೆ.

[ದೃಶ್ಯ: ಒಡೆದ ಹೂಜಿಯ ಬೋಕಿಗಳು]

ಮರು ಅಧ್ಯಾಯದಲ್ಲಿಯೇ ಚಿತ್ರ ತಿರುಗುಮುರುಗಾಗುತ್ತದೆ. ಅದೇ ಪ್ರವಾದಿ ಹೂಜಿಯೊಂದನ್ನು ಕೊಂಡುಕೊಂಡು, ಹಿರಿಯರನ್ನು ಕರೆದುಕೊಂಡು ಯೆರೂಸಲೇಮಿನ ಹೊರಗಿನ ಹಿನ್ನೋಮ್ ಕಣಿವೆಗೆ ಹೋಗಿ, ಅವರ ಕಣ್ಣೆದುರೇ ಅದನ್ನು ಒಡೆಯುತ್ತಾನೆ. ದೇವರು ಈ ಜನವನ್ನೂ ಊರನ್ನೂ ಹೀಗೆಯೇ ಒಡೆಯುವನು, ಒಡೆದದ್ದನ್ನು ಇನ್ನು ಸರಿಮಾಡಲಾಗದು ಎನ್ನುತ್ತಾನೆ. ಒಣಗಿದ್ದರೂ ಸುಡದ ಮಡಕೆಯನ್ನು ನೀರಿನಲ್ಲಿ ನೆನೆಹಾಕಿದರೆ ಅದು ಮತ್ತೆ ಕೆಸರಾಗುತ್ತದೆ, ತಿಗರಿಗೆ ಮರಳುತ್ತದೆ; ಆದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ದಾಟಿದ ಮಣ್ಣು ತನ್ನ ಕಣರಚನೆಯೊಳಗೇ ಬೆಸೆದುಕೊಂಡಿದ್ದ ನೀರನ್ನು ಕಳೆದುಕೊಂಡಿರುವುದರಿಂದ, ಎಷ್ಟು ನೆನೆದರೂ ಹಿಂದಿನ ಮಣ್ಣಾಗುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆಯು ದೊಣ್ಣೆ ಹಿಡಿದವನನ್ನೂ ಕುಂಬಾರನನ್ನೂ ಬೇರೆ ಮಾಡುತ್ತದೆ. ಯೆರೆಮೀಯನಲ್ಲಿ ಇಬ್ಬರೂ ಒಬ್ಬನೇ, ದೇವರೇ; ಆ ಅಧ್ಯಾಯದ ಭಯವೆಲ್ಲ ಇರುವುದು ಅಲ್ಲಿ.

[ದೃಶ್ಯ: ಪ್ರಾಚೀನ ಕೊರಿಂಥದ ಅವಶೇಷಗಳು]

ಇನ್ನು ಕ್ರಿಸ್ತನ ಅಪೊಸ್ತಲನಾದ ಪೌಲನ ಮಡಕೆ. ಗ್ರೀಸ್‌ನ ಕೊರಿಂಥ ನಗರದ ಕ್ರೈಸ್ತರಿಗೆ ಬರೆದ ಎರಡನೆಯ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ಈ ನಿಕ್ಷೇಪವು ಮಣ್ಣಿನ ಘಟಗಳಲ್ಲಿ ನಮಗುಂಟು ಎಂದು ಅವನು ಬರೆಯುತ್ತಾನೆ. ಬಲವು ದೇವರದೇ ಹೊರತು ತಮ್ಮದಲ್ಲವೆಂದು ಕಾಣಲಿ ಎಂಬುದು ಅವನು ಕೊಡುವ ಕಾರಣ. ಅಲ್ಲಿ ಕುಂಬಾರನ ಪ್ರಸ್ತಾಪವೇ ಇಲ್ಲ. ಬಿರುಕಿನ ಮೂಲಕ ಬೆಳಕು ಹೊರಸೂಸುತ್ತದೆ ಎಂಬ, ಇಂದು ಬಹಳ ಜನಪ್ರಿಯವಾಗಿರುವ ಮಾತೂ ಇಲ್ಲ. ಇರುವುದು ಪಾತ್ರೆಯ ಬೆಲೆಗೂ ಒಳಗಿನ ವಸ್ತುವಿನ ಬೆಲೆಗೂ ನಡುವಿನ ಅಂತರ ಮಾತ್ರ.

ಆ ಊರಿನಲ್ಲಿ ಈ ಮಾತಿಗೆ ವಿಶೇಷವಾದ ಮೊನೆಯಿತ್ತು. ಕೊರಿಂಥದ ಕಂಚು ರೋಮ್ ಸಾಮ್ರಾಜ್ಯದಲ್ಲೆಲ್ಲ ಹೆಸರುವಾಸಿಯಾಗಿತ್ತು. ಕ್ರಿಸ್ತಪೂರ್ವ 146ರಲ್ಲಿ ರೋಮನ್ನರು ಹಾಳುಗೆಡವಿದ್ದ ನಗರವನ್ನು ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರನು ಮತ್ತೆ ನೆಲೆಗೊಳಿಸಿದ ಮೇಲೆ, ಅಲ್ಲಿಗೆ ಬಂದವರು ಹಳೆಯ ಗೋರಿಗಳನ್ನು ಅಗೆದು, ಸಿಕ್ಕ ಕಂಚಿನ ಪಾತ್ರೆಗಳನ್ನೂ ಸುಟ್ಟ ಮಣ್ಣಿನ ಉಬ್ಬುಶಿಲ್ಪಗಳನ್ನೂ ರೋಮ್‌ನಲ್ಲಿ ಮಾರಿದರೆಂದು ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಕಂಚಿನ ಬೆಲೆ ಬಲ್ಲ ಇಂಥ ಊರಿಗೆ ಪೌಲನು ತನ್ನನ್ನು ಮಡಕೆಯೆಂದು ಪರಿಚಯಿಸಿಕೊಳ್ಳುತ್ತಾನೆ. ಯೆಹೂದ್ಯನಾದ ಅವನಿಗೆ ಸತ್ಯವೇದದ ಯಾಜಕಕಾಂಡದ ನಿಯಮವೂ ಗೊತ್ತಿತ್ತು: ದೋಷಪರಿಹಾರಕ ಯಜ್ಞದ ಮಾಂಸ ಬೇಯಿಸಿದ ತಾಮ್ರದ ಪಾತ್ರೆಯನ್ನು ಬೆಳಗಿ ತೊಳೆದರೆ ಸಾಕು, ಮಣ್ಣಿನದಾದರೆ ಒಡೆದೇ ಬಿಡಬೇಕು.

ಈ ಹೋಲಿಕೆ ಸುಮ್ಮನೆ ಹುಟ್ಟಿದ್ದಲ್ಲ. ಪೌಲನ ಪತ್ರಗಳು ಗಂಭೀರ, ಆದರೆ ಎದುರಿಗೆ ನಿಂತರೆ ಆಳು ದುರ್ಬಲ, ಮಾತಿನಲ್ಲಿ ಹುರುಳಿಲ್ಲ ಎಂದು ಕೊರಿಂಥದಲ್ಲಿ ಆಡಿಕೊಳ್ಳುತ್ತಿದ್ದುದನ್ನು ಅವನೇ ಅದೇ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ದಾಖಲಿಸುತ್ತಾನೆ. ತನ್ನ ದೌರ್ಬಲ್ಯವನ್ನು ಅವನು ಅಲ್ಲಗಳೆಯದೆ ಒಪ್ಪಿಕೊಳ್ಳುತ್ತಾನೆ. ನನ್ನ ಓದಿನಲ್ಲಿ ಆ ಪತ್ರಿಕೆಯ ಅತ್ಯಂತ ಜಾಣ ನಡೆ ಇದೇ. 11ನೆಯ ಅಧ್ಯಾಯದಲ್ಲಿ ಆ ಮಡಕೆಗೆ ಬಿದ್ದ ಪೆಟ್ಟುಗಳನ್ನು ಎಣಿಸುತ್ತಾನೆ: ಐದು ಸಾರಿ ಒಂದು ಕಡಿಮೆ ನಾಲ್ವತ್ತು ಏಟು, ಮೂರು ಸಾರಿ ಕೋಲಿನ ಹೊಡೆತ, ಒಮ್ಮೆ ಕಲ್ಲೆಸೆತ, ಮೂರು ಸಾರಿ ಹಡಗು ಒಡೆದದ್ದು. ಮುಂದಿನ ಅಧ್ಯಾಯದಲ್ಲಿ, ಶರೀರದಲ್ಲಿ ನಾಟಿದ ಶೂಲವೊಂದನ್ನು ತೆಗೆದುಬಿಡೆಂದು ಮೂರು ಸಾರಿ ಕರ್ತನನ್ನು ಬೇಡಿಕೊಂಡುದನ್ನು ಹೇಳುತ್ತಾನೆ. ಅದು ಯಾವ ಕಾಯಿಲೆಯೋ ಕಾಟವೋ ಎಂದು ಬಿಡಿಸಿ ಹೇಳುವುದಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಶೂಲವನ್ನು ತೆಗೆದರೆಂದು ಎಲ್ಲಿಯೂ ಬರೆದಿಲ್ಲ.