ನಲವತ್ತು ಡಿಗ್ರಿ ಸರಿ, ಯಾವ ಡಿಗ್ರಿ?

ಬೋರ್ಡ್ ಮೇಲೆ 40 ಅಂತ ಬರ್ದಿದೀನಿ ನೋಡಿ, ಹೈಡ್ರೋಮೀಟರ್, ಅಂದ್ರೆ ದ್ರವದಲ್ಲಿ ತೇಲಿಬಿಟ್ಟು ಅದೆಷ್ಟು ಭಾರ ಅಂತ ನೋಡೋ ಗಾಜಿನ ಕೊಳವೆಯ ರೀಡಿಂಗ್ ಅಂದ್ಕೊಳ್ಳಿ. ನೀರಿಗಿಂತ ಭಾರದ ದ್ರವಗಳ ಬೋಮೆ ಸ್ಕೇಲಾದ್ರೆ ಸ್ಪೆಸಿಫಿಕ್ ಗ್ರಾವಿಟಿ (ನೀರಿನ ಎಷ್ಟು ಪಟ್ಟು ಭಾರ ಅನ್ನೋದು) 1.38, ಟ್ವಾಡೆಲ್ ಅನ್ನೋ ಇನ್ನೊಂದು ಸ್ಕೇಲಾದ್ರೆ 1.20, ಸಕ್ಕರೆ ಫ್ಯಾಕ್ಟರಿಯೋರ ಬ್ರಿಕ್ಸ್ ಆದ್ರೆ 1.18ರ ಹತ್ರ, ಪೆಟ್ರೋಲಿಯಂನೋರ ಎಪಿಐ ಆದ್ರೆ 0.825, ಅಂದ್ರೆ ನೀರಿನ ಮೇಲೆ ತೇಲೋ ಎಣ್ಣೆ! ಒಂದೇ ನಂಬರು. ಇಷ್ಟಾದ್ಮೇಲೂ ಲ್ಯಾಬ್ ರೆಕಾರ್ಡಲ್ಲಿ ಬರೀ "40 ಡಿಗ್ರಿ" ಅಂತ ಬರ್ದು ಸೈನ್ ಮಾಡ್ಸೋಕೆ ಬರ್ತೀರಲ್ಲ, ಏನ್ ಹೇಳ್ಲಿ ನಿಮಗೆ. ಯಾವ ಸ್ಕೇಲು, ಯಾವ ಟೆಂಪರೇಚರು, ಎರಡೂ ಬರೀರಿ.

ಇಷ್ಟೊಂದು ಸ್ಕೇಲು ಯಾಕೆ ಅಂತೀರಾ? ಒಂದರ ಕಥೆ ಹೇಳ್ತೀನಿ. 1768ರಲ್ಲಿ ಫ್ರಾನ್ಸಿನ ಔಷಧಿ ತಯಾರಕ ಆಂಟ್ವಾನ್ ಬೋಮೆ ಶುದ್ಧ ನೀರಲ್ಲಿ ಹೈಡ್ರೋಮೀಟರ್ ಮುಳುಗಿಸಿ ಅಲ್ಲಿ ಸೊನ್ನೆ ಗುರುತು ಹಾಕ್ದ, ನೂರಕ್ಕೆ 15 ಉಪ್ಪಿರೋ ನೀರಲ್ಲಿ 15 ಅಂತ ಹಾಕ್ದ, ಮಧ್ಯೆ ಸಮನಾಗಿ ಗೆರೆ ಎಳ್ದ, ಮುಗೀತು. ಹಗುರ ದ್ರವಕ್ಕೆ ಇನ್ನೊಂದು ಸ್ಕೇಲು, ಅದ್ರಲ್ಲಿ ನೀರು 10. ಅಮೆರಿಕದಲ್ಲಿ 1916ರಲ್ಲಿ ಈ ಹಗುರ ಸ್ಕೇಲಿನ ಸೂತ್ರದಲ್ಲಿ ಸ್ಪೆಸಿಫಿಕ್ ಗ್ರಾವಿಟಿಯಿಂದ ಭಾಗಿಸೋ ನಂಬರು 140 ಇರ್ಬೇಕು ಅಂತ ಸರ್ಕಾರಿ ಬ್ಯೂರೋನೇ ಸ್ಟ್ಯಾಂಡರ್ಡ್ ಮಾಡ್ತು. ಆಮೇಲೆ ನೋಡಿದ್ರೆ ಎಣ್ಣೆ ವ್ಯಾಪಾರದೋರ ಕೈಲಿರೋ ಹೈಡ್ರೋಮೀಟರುಗಳೆಲ್ಲ 141.5ರ ಲೆಕ್ಕದಲ್ಲಿ ತಯಾರಾಗ್ಬಿಟ್ಟಿವೆ, ಉಪ್ಪಿನ ಪ್ರಮಾಣ, ಟೆಂಪರೇಚರು ಸರಿಯಾಗಿ ಹಿಡೀದೆ ಆದ ಎಡವಟ್ಟು. ಈಗ ಅಷ್ಟನ್ನೂ ಒಡೆದು ಬಿಸಾಕೋಕಾಗುತ್ತಾ? ಹಾಗಾಗಿ 1921ರಲ್ಲಿ ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟು ತಪ್ಪಿಗೇ ಹೊಸ ಹೆಸರಿಟ್ಟು ಎಪಿಐ ಗ್ರಾವಿಟಿ ಅಂತ ಮಾಡ್ಬಿಡ್ತು! ನೀರು ಎರಡರಲ್ಲೂ 10, ಆದ್ರೆ 0.85ರ ಎಣ್ಣೆ ಹಳೇದ್ರಲ್ಲಿ 34.7, ಇದ್ರಲ್ಲಿ 35. ಅಷ್ಟೇ ತಾನೇ ಅನ್ಬೇಡಿ, ಕ್ರೂಡಿನ, ಅಂದ್ರೆ ಕಚ್ಚಾ ಎಣ್ಣೆಯ ರೇಟು ಎಪಿಐ ನೋಡ್ಕೊಂಡೇ ಕಟ್ಟೋದು. ಅದೂ 60 ಡಿಗ್ರಿ ಫ್ಯಾರನ್‌ಹೀಟಲ್ಲಿ, ನಮ್ಮ ಲೆಕ್ಕದಲ್ಲಿ 15.6. ಮಂಗಳೂರಿನ ಬೇಸಿಗೇಲಿ ಟ್ಯಾಂಕಿಂದ ತೆಗೆದ ಸ್ಯಾಂಪಲ್ ರೀಡಿಂಗನ್ನ ಹಾಗೇ ಬರ್ಕೊಂಡ್ರೆ ಎಣ್ಣೆ ಇರೋದಕ್ಕಿಂತ ಹಗುರ ಅನ್ಸುತ್ತೆ. ಹಿಂದಿನ ಬೆಂಚಲ್ಲಿ ನಗ್ತಿರೋರು ಕೇಳಿಸ್ಕೊಂಡ್ರಾ, ಯಾವ ಟೆಂಪರೇಚರು?

ಇನ್ನೊಂದು ವಿಷ್ಯ. ಹೈಡ್ರೋಮೀಟರಿಗೆ ಒಳಗೇನಿದೆ ಅನ್ನೋದು ಗೊತ್ತಾಗಲ್ಲ, ಭಾರ ಎಷ್ಟು ಅನ್ನೋದಷ್ಟೇ ಗೊತ್ತು. ಹಾಲಿನ ಲ್ಯಾಕ್ಟೋಮೀಟರಲ್ಲಿ 30 ಅಂದ್ರೆ 1.030, ಸರೀನಾ? ಕೆನೆ ತೆಗೀರಿ, ಕೊಬ್ಬು ಹಗುರ, ಅದು ಹೋದ್ರೆ ರೀಡಿಂಗ್ ಮೇಲೇರುತ್ತೆ. ಆಮೇಲೆ ಅಳತೆ ನೋಡ್ಕೊಂಡು ನೀರು ಹೊಯ್ದ್ರೆ ಮತ್ತೆ 30. ಡೈರಿಲಿ ಫ್ಯಾಟ್ ಬೇರೆ ಟೆಸ್ಟ್ ಮಾಡೋದು ಸುಮ್ನೆ ಅಲ್ಲ. (ಇದನ್ನ ನಾನು ಹೇಳ್ಕೊಟ್ಟೆ ಅನ್ಬೇಡಿ.)

ಸಲ್ಫ್ಯೂರಿಕ್ ಆಸಿಡ್ ಇದಕ್ಕಿಂತ ಕಿಲಾಡಿ. 66 ಬೋಮೆ ಅಂದ್ರೆ 93.2 ಪರ್ಸೆಂಟ್, ಅಲ್ಲೀವರೆಗೆ ಸ್ಕೇಲು ನಂಬ್ಬೋದು. ಮುಂದೆ ಡೆನ್ಸಿಟಿ ಏರೋದೇ ಕಮ್ಮಿ, 98ರ ಹತ್ರ ತುದಿ ಮುಟ್ಟಿ ನೂರಕ್ಕೆ ಹೋಗ್ತಾ ಇಳಿಯುತ್ತೆ! ಒಂದೇ ಡೆನ್ಸಿಟಿಗೆ ಎರಡು ಕಾನ್ಸಂಟ್ರೇಶನ್, ಹೈಡ್ರೋಮೀಟರ್ ಏನು ಮಾಡುತ್ತೆ ಪಾಪ. ಅಲ್ಲಿ ಟೈಟ್ರೇಶನ್ನೇ ಗತಿ, ಅಂದ್ರೆ ಗೊತ್ತಿರೋ ಕ್ಷಾರ ಹನಿ ಹನಿ ಹಾಕಿ ಆಸಿಡ್ ಎಷ್ಟಿದೆ ಅಂತ ಅಳೆಯೋದು.

ಹತ್ತು ನಿಮಿಷ ಅಂತ ಚೀಟಿ ಬಂತು, ಹತ್ತಲ್ಲ ಎರಡು ಅಂತೆ. ವಿಸ್ಕಾಸಿಟಿ, ಸರ್ಫೇಸ್ ಟೆನ್ಶನ್, ವೇಪರ್ ಪ್ರೆಶರ್ ಮೂರೂ ಉಳ್ಕೊಂಡ್ವು. ವಿಸ್ಕಾಸಿಟಿ, ಅಂದ್ರೆ ದ್ರವ ಹರಿಯೋಕೆ ಕೊಡೋ ತಡೆ, ಅದನ್ನ ಮಾತ್ರ ಹೇಳಿಬಿಡ್ತೀನಿ, ಡೆನ್ಸಿಟಿ ಟೆಂಪರೇಚರಿಗೆ ನಿಧಾನಕ್ಕೆ ಬದಲಾಗುತ್ತೆ, ಇದು ಹಾಗಲ್ಲ, ನೀರಿನದೇ 20ರಿಂದ 60 ಡಿಗ್ರಿಗೆ ಹೋದ್ರೆ ಅರ್ಧಕ್ಕಿಂತ ಕೆಳಗೆ ಬೀಳುತ್ತೆ, ಸೆಲ್ಸಿಯಸ್ಸಲ್ಲಿ ಹೇಳ್ತಿದೀನಿ, ಹೇಳ್ಲಿಲ್ಲ ಅಂತ ನನ್ನನ್ನೇ ಹಿಡ್ಕೋಬೇಡಿ. ಹ್ಞಾಂ, ಪ್ರಶ್ನೆ ಇದ್ರೆ ಕೇಳಿ, ಊಟದ ಬಗ್ಗೆ ಬಿಟ್ಟು.