ಮುಂದಿನ ಹೆಜ್ಜೆಯಷ್ಟೇ ಬಲ್ಲ ರೂಟರ್

ಕೇಳುಗರಿಗೆಲ್ಲ ನಮಸ್ಕಾರ. ರೂಟರ್ ಅಂದ ಕೂಡಲೇ ಮನೆಯ ವೈಫೈ ಡಬ್ಬಿ ನೆನಪಾಗುತ್ತದೆ. ವೈಫೈ ಅದರ ಉಪಕಸುಬು. ಅಸಲು ಕೆಲಸ ಒಂದೇ: ಬಂದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ತುಣುಕನ್ನು, ಮುಂದೆ ಯಾರಿಗೆ ದಾಟಿಸಬೇಕೆಂದು ತೀರ್ಮಾನಿಸುವುದು. ಮುಂದೆ ಯಾರಿಗೆ, ಅಷ್ಟೇ. ಪೂರ್ತಿ ದಾರಿ ಅದಕ್ಕೆ ಗೊತ್ತಿರುವುದಿಲ್ಲ.

ನೀವು ನೋಡುವ ವಿಡಿಯೊ ಸಾಮಾನ್ಯವಾಗಿ 1500 ಬೈಟ್ ಮೀರದ ತುಣುಕುಗಳಾಗಿ ಬರುತ್ತದೆ. ಪ್ರತಿ ತುಣುಕಿನ ತಲೆಯಲ್ಲಿ ತಲುಪಬೇಕಾದ ಐಪಿ ವಿಳಾಸ. ರೂಟರ್ ಅದನ್ನು ತನ್ನ ರೂಟಿಂಗ್ ಟೇಬಲ್ಲಿನಲ್ಲಿ, ಅಂದರೆ ಯಾವ ವಿಳಾಸಗಳಿಗೆ ಯಾವ ಕಡೆ ಎಂದು ಬರೆದ ಪಟ್ಟಿಯಲ್ಲಿ, ಹುಡುಕುತ್ತದೆ. ಎರಡು ಸಾಲು ಹೊಂದಿದರೆ, ಚಿಕ್ಕ ಗುಂಪಿನ ವಿಳಾಸಗಳನ್ನು ಹೇಳುವ ಸಾಲೇ ಗೆಲ್ಲುತ್ತದೆ. ಇದನ್ನು ಚೆನ್ನಾಗಿ ನೆನಪಿಡಿ.

2008ರ ಫೆಬ್ರವರಿ 24. ಯೂಟ್ಯೂಬನ್ನು ದೇಶದೊಳಗೆ ತಡೆಯಬೇಕೆಂದು ಪಾಕಿಸ್ತಾನದಲ್ಲಿ ಸರ್ಕಾರಿ ಆದೇಶವಾಗಿತ್ತು. ಯಾವ ವಿಳಾಸ ತಮ್ಮಲ್ಲಿದೆಯೆಂದು ಜಾಲಗಳು ಪಕ್ಕದ ಜಾಲಗಳಿಗೆ ಸಾರುತ್ತವೆ; ಅದೇ ಟೇಬಲ್ಲಿನ ಸಾಲಾಗುತ್ತದೆ. ಯೂಟ್ಯೂಬ್ ತನ್ನ 1024 ವಿಳಾಸಗಳನ್ನು ಒಂದೇ ಗುಂಪಾಗಿ ಜಗತ್ತಿಗೆ ಸಾರಿಕೊಂಡಿತ್ತು. ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 256 ವಿಳಾಸಗಳನ್ನು ತೆಗೆದು, ‘ಇವು ನನ್ನಲ್ಲಿವೆ’ ಎಂದು ಸಾರಿತು. ದೇಶದೊಳಗೇ ಉಳಿಯಬೇಕಿದ್ದ ಈ ಸಾಲು ಹಾಂಗ್‌ಕಾಂಗಿನ ಪಿಸಿಸಿಡಬ್ಲ್ಯು ಜಾಲಕ್ಕೆ ಸೋರಿತು. ಅದು ತಡೆದು ಕೇಳದೆ ಲೋಕಕ್ಕೆಲ್ಲ ಹಂಚಿತು. ಜಾಗತಿಕ ವೇಳೆ ಸಂಜೆ 6.47, ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. 1024ಕ್ಕಿಂತ 256 ಚಿಕ್ಕದು, ಹಾಗಾಗಿ ಜಗತ್ತಿನ ರೂಟರುಗಳು ಯೂಟ್ಯೂಬಿನ ಪ್ಯಾಕೆಟ್ಟುಗಳನ್ನು ಪಾಕಿಸ್ತಾನದ ಕಡೆ ತಿರುಗಿಸಿದವು. ಅಲ್ಲಿ ಅವು ಇಂಗಿಹೋದವು.

ಯಾವ ರೂಟರೂ ಕೆಟ್ಟಿರಲಿಲ್ಲ! ಪಕ್ಕದವನು ಹೇಳಿದ್ದನ್ನು ನಂಬಿ, ಪ್ರತಿಯೊಂದೂ ನಿಯಮದಂತೆಯೇ ಮುಂದಿನ ಹೆಜ್ಜೆ ಇಟ್ಟಿತ್ತು.

ಅದೇ ಜಾಗತಿಕ ವೇಳೆ ರಾತ್ರಿ 8.07ಕ್ಕೆ ಯೂಟ್ಯೂಬ್ ಅದೇ 256ರ ಗುಂಪನ್ನು ತಾನೂ ಸಾರಿತು. ಸಮಬಲವಾಯಿತು, ಪಾಕಿಸ್ತಾನದ ದಾರಿಯೇ ಹತ್ತಿರವೆನಿಸಿದ ರೂಟರುಗಳು ಅತ್ತಲೇ ಹೋದವು. 8.18ಕ್ಕೆ 128ರ ಎರಡು ಗುಂಪು ಮಾಡಿ ಸಾರಿತು. ಈಗ ಯೂಟ್ಯೂಬಿನದೇ ಚಿಕ್ಕದು. 9.01ಕ್ಕೆ ಪಿಸಿಸಿಡಬ್ಲ್ಯು ತಪ್ಪು ಸಾಲನ್ನು ಹಿಂತೆಗೆಯಿತು.

ಯಾವ ವಿಳಾಸವನ್ನು ಯಾರು ಸಾರಬಹುದೆಂದು ಡಿಜಿಟಲ್ ಸಹಿಯಿಂದ ಪರಿಶೀಲಿಸುವ ಆರ್‌ಪಿಕೆಐ ವ್ಯವಸ್ಥೆ ಈಗಿದೆ. ಅದನ್ನು ಬಳಸದ ಜಾಲಗಳು ಇಂದಿಗೂ ಇವೆ. ಇದು ಖಂಡಿತ ಸರಿಯಲ್ಲ.

ಸಮಯ ಕಡಿಮೆ ಇದೆ. ಮನೆಯ ರೂಟರಿನಲ್ಲಿ ಮುಖ್ಯವಾದದ್ದು ಡೀಫಾಲ್ಟ್ ರೂಟ್: ಗೊತ್ತಿಲ್ಲದ್ದೆಲ್ಲ ಇಂಟರ್ನೆಟ್ ಕಂಪನಿಗೆ. ಪ್ಯಾಕೆಟ್ ಹಾದುಹೋಗುವ ರೂಟರುಗಳನ್ನು ನೋಡಬೇಕೆ? ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಟಿ ಆರ್ ಎ ಸಿ ಇ ಆರ್ ಟಿ ಎಂದು ಬರೆದು, ಜಾಗ ಬಿಟ್ಟು ಜಾಲತಾಣದ ಹೆಸರು ಕೊಡಿ. ಮೊದಲ ಸಾಲು ನಿಮ್ಮ ರೂಟರ್. ನಡುವೆ ನಕ್ಷತ್ರ ಚಿಹ್ನೆ ಬಂದರೆ ಗಾಬರಿ ಬೇಡ, ಆ ರೂಟರ್ ಉತ್ತರ ಕೊಟ್ಟಿಲ್ಲ ಅಷ್ಟೇ. ಎರಡನೆಯ ಸಾಲಿನಿಂದ ಕೊನೆಯವರೆಗೂ ನಕ್ಷತ್ರಗಳೇ ಬಂದು, ಯಾವ ತಾಣವೂ ತೆರೆಯದಿದ್ದರೆ, ಕಂಪನಿಗೆ ಫೋನ್ ಮಾಡಿ ಆ ಸಾಲುಗಳನ್ನೇ ಓದಿ ಹೇಳಿ. ನಮಸ್ಕಾರ.